ಮಗುವಿನ ಮಾತಿನ ತೊಂದರೆಗೆ ಚಿಕಿತ್ಸೆ ಎಲ್ಲಿ, ಯಾರಿಂದ, ಯಾವ ಭಾಷೆಯಲ್ಲಿ: ಪಾಲಕರಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಎರಡೂವರೆ ವರ್ಷ ತುಂಬಿದರೂ ಮಗು "ಅಮ್ಮ", "ತಾತ" ಎನ್ನುವುದನ್ನು ಬಿಟ್ಟು ಬೇರೆ ಮಾತನ್ನಾಡುತ್ತಿಲ್ಲ ಎಂಬ ಆತಂಕವಿರುವ ಮನೆಯಲ್ಲಾಗಲಿ, ಮೂರನೇ ತರಗತಿಗೆ ಬಂದರೂ ಒತ್ತಕ್ಷರ ಬಂದಲ್ಲೆಲ್ಲ ಮಗು ತಡವರಿಸುತ್ತದೆ, ಓದಿದ ಪಾಠವನ್ನು ತನ್ನ ಮಾತಿನಲ್ಲಿ ಹೇಳಲು ಅದಕ್ಕೆ ಬರುವುದಿಲ್ಲ ಎಂದು ಶಿಕ್ಷಕರು ಹೇಳಿ ಕಳುಹಿಸಿದ ಮನೆಯಲ್ಲಾಗಲಿ, ಮೊದಲು ಕೇಳಿಬರುವ ಪ್ರಶ್ನೆ "ಯಾವ ಸೆಂಟರ್ ಚೆನ್ನಾಗಿದೆ?" ಎಂಬುದು. ಅದು ಸಹಜವಾದ ಪ್ರಶ್ನೆ. ಆದರೆ ವಾಕ್-ಭಾಷಾ ಚಿಕಿತ್ಸೆಯ ಮಟ್ಟಿಗೆ ಕಟ್ಟಡ, ಹೆಸರು, ಶುಲ್ಕ ಇವುಗಳಿಗಿಂತ ಮೊದಲು ನೋಡಬೇಕಾದ ಅಳತೆಗೋಲು ಒಂದಿದೆ: ಮಗುವಿನೊಂದಿಗೆ ದಿನವಿಡೀ ಇರುವವರಿಗೆ, ಅಂದರೆ ತಾಯಿ, ತಂದೆ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆ, ತರಗತಿಯ ಶಿಕ್ಷಕರಿಗೆ, ಆ ಚಿಕಿತ್ಸೆ ಏನನ್ನು ಕಲಿಸಿಕೊಡುತ್ತದೆ ಎಂಬುದೇ ಅದು. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆಯಂತೆ ಚಿಕಿತ್ಸೆ ನಡೆದರೂ ಒಟ್ಟು ಆಗುವುದು ಒಂದೂವರೆ ಗಂಟೆ. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುವ ಮಗುವಿಗೆ ವಾರದಲ್ಲಿ 84 ಗಂಟೆಗಳಿವೆ. ಉಳಿದ ಎಂಬತ್ತಕ್ಕೂ ಹೆಚ್ಚು ಗಂಟೆಗಳನ್ನು ಬಳಸಿಕೊಳ್ಳಲು ದಾರಿ ತೋರಿಸುವ ಆಯ್ಕೆಯನ್ನು, ಅದು ಸರ್ಕಾರಿ ಕೊಠಡಿಯಲ್ಲಿರಲಿ, ಮೊಬೈಲ್ ಪರದೆಯ ಮೇಲಿರಲಿ, ಇತರ ಎಲ್ಲವುಗಳಿಗಿಂತ ಮೇಲೆ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹೋಲಿಕೆಗಳೆಲ್ಲ ಈ ಅಳತೆಗೋಲನ್ನೇ ಹಿಡಿದು ಸಾಗುತ್ತವೆ.

ಆಯ್ಕೆಗೂ ಮೊದಲು: ಕಿವಿ

ಯಾವ ಚಿಕಿತ್ಸೆ ಎಂದು ಯೋಚಿಸುವ ಮುನ್ನ ಮಗುವಿನ ಶ್ರವಣ ಪರೀಕ್ಷೆ ಆಗಲೇಬೇಕು. "ಕರೆದರೆ ತಿರುಗಿ ನೋಡುತ್ತಾನೆ, ಟಿ.ವಿ. ಜಾಹೀರಾತು ಬಂದರೆ ಓಡಿ ಬರುತ್ತಾನೆ, ಕಿವಿ ಸರಿಯಾಗಿಯೇ ಇದೆ" ಎಂದು ಮನೆಯವರು ಹೇಳುವುದು ವಾಡಿಕೆ. ಆದರೆ ಜೋರಾದ ಶಬ್ದ ಕೇಳಿಸಿಯೂ "ಸ", "ತ", "ಕ"ದಂಥ ಮೆಲುವಾದ ವ್ಯಂಜನಗಳು ಕೇಳಿಸದಿರುವುದು ಸಾಧ್ಯ. ಪದೇ ಪದೇ ಕಿವಿ ಸೋರುವ ಮಕ್ಕಳಲ್ಲಿ ಶ್ರವಣದ ಮಟ್ಟ ವಾರದಿಂದ ವಾರಕ್ಕೆ ಬದಲಾಗುವುದೂ ಉಂಟು. ಒಳಕಿವಿ ಶಬ್ದಕ್ಕೆ ಸ್ಪಂದಿಸುತ್ತದೆಯೇ ಎಂದು ನೋಡುವ ಓ.ಎ.ಇ. ಪರೀಕ್ಷೆಗೆ ಕೆಲವು ನಿಮಿಷ ಸಾಕು. ಶಬ್ದಕ್ಕೆ ಕಿವಿಯ ನರ ಮತ್ತು ಮೆದುಳಿನ ಸ್ಪಂದನೆಯನ್ನು ಅಳೆಯುವ ಬೇರಾ ಪರೀಕ್ಷೆಗೆ ಮಗು ನಿದ್ರೆಯಲ್ಲಿರಬೇಕಾಗುತ್ತದೆ. ಎರಡರಲ್ಲೂ ನೋವಿಲ್ಲ. ನವಜಾತ ಶಿಶುಗಳ ವಿಷಯದಲ್ಲಿ ಹಲವು ದೇಶಗಳಲ್ಲಿ ಶಿಫಾರಸು ಮಾಡುವ ನಿಯಮವೆಂದರೆ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿಯ ಆರಂಭ. ಶ್ರವಣ ದೋಷವನ್ನು ಗುರುತಿಸದೆ ಮಾಡಿಸಿದ ಸ್ಪೀಚ್ ಥೆರಪಿಯಿಂದ ಹಣ ಹೋಗುವುದಲ್ಲದೆ ಮಗುವಿನ ಅತ್ಯಮೂಲ್ಯವಾದ ತಿಂಗಳುಗಳೂ ಹೋಗುತ್ತವೆ.

ಎರಡನೆಯದು, ಕಾಯುವ ಪ್ರಶ್ನೆ. "ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು" ಎಂದು ಹಿರಿಯರು ಹೇಳುವುದರಲ್ಲಿ ಸತ್ಯಾಂಶವಿದೆ. ತಡವಾಗಿ ಮಾತು ಆರಂಭಿಸಿದ ಅನೇಕ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ. ತೊಡಕಿರುವುದು, ಸರಿಹೋಗುವ ಮಗು ಯಾವುದು, ಹೋಗದಿರುವ ಮಗು ಯಾವುದು ಎಂದು ಎರಡು ವರ್ಷದಲ್ಲಿ ಯಾರೂ ಖಚಿತವಾಗಿ ಹೇಳಲಾರರು ಎಂಬಲ್ಲಿ. ಮಗುವಿಗೆ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದಗಳು ಬರುತ್ತವೆ. ಎರಡು ವರ್ಷದ ಹೊತ್ತಿಗೆ ಸುಮಾರು 50 ಪದಗಳ ಜೊತೆಗೆ "ಅಪ್ಪ ಬಂತು", "ಹಾಲು ಬೇಡ" ಎಂಬಂಥ ಎರಡು ಪದಗಳ ಜೋಡಣೆಯೂ ಇರಬೇಕೆಂದು ನಿರೀಕ್ಷಿಸಲಾಗುತ್ತದೆ. ಬೆರಳು ತೋರಿಸದಿರುವುದು, ಹೆಸರು ಕರೆದರೆ ಸ್ಪಂದಿಸದಿರುವುದು, ಕಲಿತ ಪದಗಳನ್ನು ಕಳೆದುಕೊಳ್ಳುವುದು, ಹೇಳಿದ್ದು ಅರ್ಥವಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಮೌಲ್ಯಮಾಪನದಲ್ಲಿ "ಸದ್ಯಕ್ಕೆ ಚಿಂತೆಯಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ" ಎಂಬ ಉತ್ತರ ಬಂದರೂ ನಷ್ಟವೇನಿಲ್ಲ.

ಚಿಕಿತ್ಸೆ ಎಂದರೆ ನಿಜಕ್ಕೂ ಏನು ನಡೆಯುತ್ತದೆ

ಸ್ಪೀಚ್ ಥೆರಪಿ ಎಂದರೆ "ರ" ಎನ್ನಲು ಕಲಿಸುವುದು ಎಂಬ ಕಲ್ಪನೆ ವ್ಯಾಪಕವಾಗಿದೆ. ಉಚ್ಚಾರಣೆ ಅದರ ಒಂದು ಭಾಗ ಮಾತ್ರ. ಅರ್ಥ ಮಾಡಿಕೊಳ್ಳುವುದು, ಪದಗಳನ್ನು ಜೋಡಿಸುವುದು, ಸಂಭಾಷಣೆಯಲ್ಲಿ ಸರದಿ ಕಾಯುವುದು, ನಡೆದದ್ದನ್ನು ಕ್ರಮವಾಗಿ ಹೇಳುವುದು, ಉಗ್ಗು, ಧ್ವನಿ, ಅಗಿಯುವುದು ಮತ್ತು ನುಂಗುವುದು, ಇವೆಲ್ಲ ಅದೇ ವೃತ್ತಿಯ ವ್ಯಾಪ್ತಿಗೆ ಬರುತ್ತವೆ. ಕನ್ನಡದಲ್ಲಿ ಇದರ ಸೂಕ್ಷ್ಮ ಇನ್ನೂ ಹೆಚ್ಚು. "ನಾಯಿ ಬೆಕ್ಕನ್ನು ಓಡಿಸಿತು", "ನಾಯಿಯನ್ನು ಬೆಕ್ಕು ಓಡಿಸಿತು" ಎಂಬ ಎರಡು ವಾಕ್ಯಗಳಲ್ಲಿ ಪದಗಳ ಕ್ರಮ ಒಂದೇ. ಓಡಿದವರು ಯಾರು, ಓಡಿಸಿದವರು ಯಾರು ಎಂಬುದನ್ನು ತಿಳಿಸುವುದು ಪದದ ತುದಿಯ ಒಂದು ಪ್ರತ್ಯಯ. ಆ ತುದಿಯನ್ನು ಹಿಡಿಯಲಾಗದ ಮಗು ಮನೆಯಲ್ಲಿ ಸನ್ನಿವೇಶ ನೋಡಿ ಊಹಿಸಿಕೊಂಡು ಹೇಗೋ ಸಾಗುತ್ತದೆ. ಶಾಲೆಯಲ್ಲಿ ಸನ್ನಿವೇಶವಿಲ್ಲದೆ ಬರೀ ವಾಕ್ಯಗಳೇ ಎದುರಾದಾಗ ಅಲ್ಲಿ ನಿಂತುಬಿಡುತ್ತದೆ. "ಗಮನವಿಲ್ಲ", "ಸೋಮಾರಿ" ಎಂಬ ಹಣೆಪಟ್ಟಿ ಅಂಟುವುದು ಆಗಲೇ.

ಒಂದು ಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡೋಣ. ಮೂರೂವರೆ ವರ್ಷದ ಹುಡುಗ ಚಾಪೆಯ ಮೇಲೆ ಕುಳಿತಿದ್ದಾನೆ, ಪಕ್ಕದಲ್ಲಿ ಅಜ್ಜಿ ಇದ್ದಾರೆ. ಚಿಕಿತ್ಸಕಿ ಬಿಗಿ ಮುಚ್ಚಳದ ಪಾರದರ್ಶಕ ಡಬ್ಬದಲ್ಲಿ ಕಡಲೆಪುರಿ ಹಾಕಿ ಅವನ ಮುಂದಿಟ್ಟು ಸುಮ್ಮನಾಗುತ್ತಾರೆ. ಹುಡುಗ ಮುಚ್ಚಳ ಎಳೆಯುತ್ತಾನೆ, ಆಗುವುದಿಲ್ಲ, ಅಜ್ಜಿಯ ಕೈಯನ್ನು ಹಿಡಿದು ಡಬ್ಬದ ಮೇಲಿಡುತ್ತಾನೆ. ಅಜ್ಜಿ ಕೂಡಲೇ "ಏನ್ ಬೇಕು ಪುಟ್ಟ, ಕಡ್ಲೆಪುರಿನಾ? ಹೇಳು, ಕಡ್ಲೆಪುರಿ ಅನ್ನು" ಎಂದು ಶುರು ಮಾಡುತ್ತಾರೆ. "ಅಜ್ಜಿ, ಸ್ವಲ್ಪ ಕಾಯೋಣ" ಎಂದು ಚಿಕಿತ್ಸಕಿ ಮೆಲ್ಲಗೆ ಹೇಳುತ್ತಾರೆ. ಮೌನ. ಹುಡುಗ ತಲೆಯೆತ್ತಿ ಮುಖ ನೋಡುತ್ತಾನೆ, "ತೆ" ಎನ್ನುತ್ತಾನೆ. "ತೆಗಿ! ಡಬ್ಬ ತೆಗಿ!" ಎಂದು ಅವನ ಅರ್ಧ ಮಾತನ್ನು ಪೂರ್ತಿ ಮಾಡುತ್ತಲೇ ಮುಚ್ಚಳ ತೆರೆದು, ನಾಲ್ಕೇ ನಾಲ್ಕು ಕಾಳು ಕೈಗೆ ಹಾಕಿ, ಮತ್ತೆ ಮುಚ್ಚುತ್ತಾರೆ. ಮುಂದಿನ ಸರದಿ ಅಜ್ಜಿಯದು. ಆ ದಿನ ಮನೆಗೆ ಹೋಗುವಾಗ ಅಜ್ಜಿಗೆ ಕೊಟ್ಟ ಕೆಲಸ, ಸ್ನಾನದ ಹೊತ್ತಿಗೆ ನಲ್ಲಿ ತಿರುಗಿಸುವ ಮುನ್ನ, ಹೊರಗೆ ಹೊರಡುವಾಗ ಚಪ್ಪಲಿ ಕೊಡುವ ಮುನ್ನ, ಹೀಗೆಯೇ ಕಾಯುವುದು. ಹುಡುಗನ ಬಾಯಿಂದ ಬಂದದ್ದು ಒಂದೇ ಅಕ್ಷರವಾದರೂ ಅದು ಕೇಳಿಕೊಳ್ಳಲು ಬಳಸಿದ ಮಾತು. "ಇದೇನು? ಆಪಲ್. ಹೇಳು ಆಪಲ್" ಎಂದು ಚಾರ್ಟ್ ತೋರಿಸಿ ಹೇಳಿಸುವ ನೂರು ಪದಗಳಿಗಿಂತ ಆ ಒಂದು "ತೆ" ಹೆಚ್ಚಿನದು. ಚಿಕಿತ್ಸಾ ಕೇಂದ್ರಗಳನ್ನು ಹೋಲಿಸುವಾಗ, ಅಲ್ಲಿ ಮಗು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದೆಯೇ, ತನಗೆ ಬೇಕಾದದ್ದಕ್ಕೆ ಮಾತನ್ನು ಬಳಸುತ್ತಿದೆಯೇ ಎಂಬುದನ್ನು ಗಮನಿಸಬೇಕು.

ಸರ್ಕಾರಿ ಸಂಸ್ಥೆ, ಜಿಲ್ಲಾ ಆಸ್ಪತ್ರೆ, ಖಾಸಗಿ ಕ್ಲಿನಿಕ್

ಕರ್ನಾಟಕದ ಪಾಲಕರಿಗೆ ಇತರ ಅನೇಕ ರಾಜ್ಯಗಳವರಿಗೆ ಇಲ್ಲದ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ಮಧ್ಯಭಾಗದಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದು, ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ. ಶ್ರವಣ ಪರೀಕ್ಷೆ, ಭಾಷೆಯ ಮೌಲ್ಯಮಾಪನ, ಮನಶ್ಶಾಸ್ತ್ರಜ್ಞರ ಅಭಿಪ್ರಾಯ, ಇ.ಎನ್.ಟಿ. ವೈದ್ಯರ ತಪಾಸಣೆ ಇವೆಲ್ಲ ಒಂದೇ ಆವರಣದಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತವೆ. ಅಲ್ಲಿನ ಪೂರ್ವಪ್ರಾಥಮಿಕ ಶಾಲೆಯಲ್ಲಿ ತಾಯಂದಿರೂ ಮಕ್ಕಳೊಂದಿಗೆ ಕುಳಿತು ತರಬೇತಿ ಪಡೆಯುತ್ತಾರೆ. ಮೇಲೆ ಹೇಳಿದ ಅಳತೆಗೋಲಿನಲ್ಲಿ ಈ ವ್ಯವಸ್ಥೆ ಬಹಳ ಎತ್ತರದಲ್ಲಿ ನಿಲ್ಲುತ್ತದೆ. ಮಕ್ಕಳಿಗಾಗಿ ಮೈಸೂರಿನಲ್ಲೇ ಬಾಡಿಗೆ ಮನೆ ಹಿಡಿದು ಉಳಿಯುವ ಕುಟುಂಬಗಳಿರುವುದು ಇದೇ ಕಾರಣಕ್ಕೆ. ಮಿತಿಗಳೂ ಇವೆ. ಬೋಧನಾ ಸಂಸ್ಥೆಯಾದ್ದರಿಂದ ಚಿಕಿತ್ಸೆಯ ಬಹುಪಾಲನ್ನು ಮೇಲ್ವಿಚಾರಕರ ನಿಗಾದಲ್ಲಿ ವಿದ್ಯಾರ್ಥಿಗಳು ನಡೆಸುತ್ತಾರೆ, ಅವಧಿ ಮುಗಿದಾಗ ಅವರು ಬದಲಾಗುತ್ತಾರೆ, ಹೊಸ ಮುಖಕ್ಕೆ ಹೊಂದಿಕೊಳ್ಳಲು ಕೆಲವು ಮಕ್ಕಳಿಗೆ ಸಮಯ ಹಿಡಿಯುತ್ತದೆ. ಬೀದರಿನವರಿಗೋ ಕಾರವಾರದವರಿಗೋ ಪ್ರತಿ ವಾರ ಹೋಗಿಬರುವುದು ಆಗದ ಮಾತು. ದೂರದವರು ಅದನ್ನು ವಾರದ ಚಿಕಿತ್ಸೆಯ ಜಾಗವೆಂದು ನೋಡದೆ, ವಿವರವಾದ ಮೌಲ್ಯಮಾಪನ ಮಾಡಿಸಿ, ಕೆಲವು ದಿನ ಉಳಿದು ಮನೆಯಲ್ಲಿ ಮಾಡುವ ಕ್ರಮವನ್ನು ಕಲಿತು, ಊರಿಗೆ ಮರಳುವ ಜಾಗವೆಂದು ಬಳಸಿಕೊಳ್ಳುವುದು ಉತ್ತಮ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಲ್ಲೂ, ಮಣಿಪಾಲ ಮತ್ತು ಮಂಗಳೂರಿನ ವೈದ್ಯಕೀಯ ಶಿಕ್ಷಣ ಸಂಸ್ಥೆಗಳಲ್ಲೂ ಇಂಥ ವಿಭಾಗಗಳಿವೆ. ಮಗುವಿಗೆ ಆಟಿಸಂ, ಅಪಸ್ಮಾರ ಅಥವಾ ಬೆಳವಣಿಗೆಯ ಇತರ ತೊಡಕುಗಳ ಅನುಮಾನವಿದ್ದರೆ ಹಲವು ತಜ್ಞರಿರುವ ಇಂಥ ಜಾಗದಿಂದಲೇ ಆರಂಭಿಸಬೇಕು.

ಜಿಲ್ಲಾ ಆಸ್ಪತ್ರೆಯ ದಾರಿಯನ್ನು ಬಹಳ ಮಂದಿ ಮರೆತೇಬಿಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ತೊಂದರೆ ಕಂಡವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿ.ಇ.ಐ.ಸಿ.ಗೆ, ಕಳುಹಿಸಬೇಕು. ಅಲ್ಲಿನ ಸೇವೆಗೆ ಹಣ ಕೊಡಬೇಕಾಗಿಲ್ಲ. ಹೋಗುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ, ಸ್ಪೀಚ್ ಥೆರಪಿಸ್ಟ್ ಹುದ್ದೆ ಸದ್ಯ ಭರ್ತಿಯಾಗಿದೆಯೇ, ಅವರು ಯಾವ ದಿನ ಸಿಗುತ್ತಾರೆ ಎಂಬುದು. ಆಶಾ ಕಾರ್ಯಕರ್ತೆ ಅಥವಾ ತಾಲ್ಲೂಕು ಆಸ್ಪತ್ರೆಯ ಮೂಲಕ ಇದನ್ನು ಮುಂಚಿತವಾಗಿ ತಿಳಿದುಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಖಾಸಗಿ ಕ್ಲಿನಿಕ್ಕಿನ ದೊಡ್ಡ ಬಲವೆಂದರೆ ಸಮಯ ಮತ್ತು ನಿರಂತರತೆ. ಸಂಜೆ, ಶನಿವಾರ ಸಿಗುತ್ತದೆ, ಒಬ್ಬರೇ ಚಿಕಿತ್ಸಕರು ತಿಂಗಳುಗಟ್ಟಲೆ ಮಗುವನ್ನು ನೋಡುತ್ತಾರೆ, ಕಾಯುವಿಕೆ ಕಡಿಮೆ. ದೌರ್ಬಲ್ಯವೆಂದರೆ ಗುಣಮಟ್ಟದಲ್ಲಿರುವ ಅಗಾಧ ವ್ಯತ್ಯಾಸ. ಪಾಲಕರನ್ನು ಪಕ್ಕದಲ್ಲೇ ಕೂರಿಸಿಕೊಂಡು ಪ್ರತಿ ಹೆಜ್ಜೆಯನ್ನೂ ವಿವರಿಸುವ ಕ್ಲಿನಿಕ್‌ಗಳಿವೆ. ಬಾಗಿಲು ಮುಚ್ಚಿ, ಮುಕ್ಕಾಲು ಗಂಟೆಯ ನಂತರ ಮಗುವನ್ನು ಹೊರಗೆ ಬಿಟ್ಟು, "ಇವತ್ತು ಚೆನ್ನಾಗಿ ಮಾಡಿದ" ಎಂದಷ್ಟೇ ಹೇಳಿ ಮುಂದಿನ ಮಗುವನ್ನು ಕರೆಯುವ ಕಡೆಗಳೂ ಇವೆ. ಎರಡನೆಯ ಬಗೆಯ ಕ್ಲಿನಿಕ್ ಎಷ್ಟೇ ಸುಸಜ್ಜಿತವಾಗಿದ್ದರೂ ನಾನು ಅದನ್ನು ಶಿಫಾರಸು ಮಾಡಲಾರೆ. ಆಟಿಸಂ ಇರುವ ಪುಟ್ಟ ಮಕ್ಕಳಿಗೆ ದಿನಕ್ಕೆ ಕೆಲವು ಗಂಟೆಗಳ ತೀವ್ರ ಕಾರ್ಯಕ್ರಮಗಳೂ ಉಂಟು. ವಾಕ್-ಭಾಷಾ ತಜ್ಞೆ ಡಾ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ರೂಪಿಸಿದ ಕಾಮ್ ಡೀಲ್ ಇಂಥದ್ದು. ವಾಕ್ ಚಿಕಿತ್ಸಕರು, ದಿನನಿತ್ಯದ ಚಟುವಟಿಕೆಗಳಿಗೆ ತರಬೇತಿ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರು ಒಂದೇ ತಂಡವಾಗಿ ಕೆಲಸ ಮಾಡುವುದು ಅದರ ವಿಶೇಷ.

ಆನ್‌ಲೈನ್ ಚಿಕಿತ್ಸೆಯ ಬಗ್ಗೆ ಅನುಮಾನಪಡುವವರು ಬಹಳ. ಒಂದೂವರೆ ವರ್ಷದ ಮಗು ಮೊಬೈಲ್ ಮುಂದೆ ಕೂರುವುದಿಲ್ಲ, ನಿಜ. ಆದರೆ ಅಲ್ಲಿ ಕೂರಬೇಕಾದವರು ಪಾಲಕರು. ಮೊಬೈಲನ್ನು ಕಿಟಕಿಯ ಮೇಲೆ ನಿಲ್ಲಿಸಿ, ತಾಯಿ ಮಗುವಿಗೆ ಊಟ ಮಾಡಿಸುವುದನ್ನು ಚಿಕಿತ್ಸಕರು ನೋಡುತ್ತ, ಕಿವಿಯಲ್ಲಿ ಸಲಹೆ ಕೊಡುತ್ತ ಹೋದರೆ, ಕ್ಲಿನಿಕ್ಕಿನಲ್ಲಿ ಎಂದೂ ಕಾಣದ ನಿಜವಾದ ಮನೆಯೇ ಚಿಕಿತ್ಸೆಯ ಕೊಠಡಿಯಾಗುತ್ತದೆ. ಉಗ್ಗಿನ ತೊಂದರೆಯುಳ್ಳ ದೊಡ್ಡ ಮಕ್ಕಳಿಗೂ ಶಾಲಾ ಮಕ್ಕಳ ಭಾಷೆ ಮತ್ತು ಓದಿನ ಕೆಲಸಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಆಹಾರ ನುಂಗುವ ತೊಂದರೆಗೆ, ಬಾಯಿಯೊಳಗೆ ನೋಡಿ ಮಾಡಬೇಕಾದ ಪರೀಕ್ಷೆಗೆ, ಶ್ರವಣ ಪರೀಕ್ಷೆಗೆ ಇದು ಸಾಲದು. ಹತ್ತಿರದಲ್ಲಿ ಯಾರೂ ಇಲ್ಲದ ತಾಲ್ಲೂಕಿನವರಿಗೆ, ಮೊದಲ ಮೌಲ್ಯಮಾಪನ ನೇರವಾಗಿ ಮಾಡಿಸಿ ಮುಂದಿನದನ್ನು ಆನ್‌ಲೈನ್‌ನಲ್ಲಿ ನಡೆಸುವ ಮಿಶ್ರ ಕ್ರಮವೇ ಸೂಕ್ತ.

ಚಿಕಿತ್ಸಕರೇ ಮಾಡಬೇಕೇ, ಪಾಲಕರು ಮಾಡಬಹುದೇ

ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್‌ 2003ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಉಚ್ಚಾರಣೆಯ ತೊಂದರೆಗೆ ಮತ್ತು ಮಾತನಾಡುವ ಪದಸಂಪತ್ತಿಗೆ ಚಿಕಿತ್ಸೆಯಿಂದ ಪ್ರಯೋಜನವಿದೆ ಎಂಬುದು ಅದರಲ್ಲಿ ಕಂಡಿತು. ಅರ್ಥಗ್ರಹಿಕೆಯ ತೊಂದರೆಗೆ ಸಂಬಂಧಿಸಿದಂತೆ ಪುರಾವೆ ದುರ್ಬಲವಾಗಿತ್ತು. ಪಾಲಕರ ದೃಷ್ಟಿಯಿಂದ ಮಹತ್ವದ್ದು ಅದರ ಇನ್ನೊಂದು ಫಲಿತಾಂಶ: ಚಿಕಿತ್ಸಕರೇ ನೇರವಾಗಿ ಕೊಟ್ಟ ಚಿಕಿತ್ಸೆಗೂ ತರಬೇತಿ ಪಡೆದ ಪಾಲಕರು ಕೊಟ್ಟ ಚಿಕಿತ್ಸೆಗೂ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಒಬ್ಬೊಬ್ಬರಾಗಿ ಕೊಡುವುದಕ್ಕೂ ಗುಂಪಿನಲ್ಲಿ ಕೊಡುವುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಭಾಷೆ ಸರಿಯಾಗಿ ಬೆಳೆದ ಓರಗೆಯ ಮಕ್ಕಳನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಂಡಾಗ ಫಲಿತಾಂಶ ಸುಧಾರಿಸಿತು. ಆದ್ದರಿಂದ ಅಂಗನವಾಡಿ ಬಿಡಿಸಿ ಥೆರಪಿಗೆ ಕರೆದೊಯ್ಯುವ ಮುನ್ನ ಎರಡು ಸಲ ಯೋಚಿಸಬೇಕು. ಪಕ್ಕದ ಮನೆಯ ಮಕ್ಕಳೊಂದಿಗಿನ ಆಟಕ್ಕೆ ಅದರದೇ ಬೆಲೆ ಇದೆ.

ಇಲ್ಲಿ "ತರಬೇತಿ ಪಡೆದ" ಎಂಬ ಮಾತನ್ನು ಬಿಟ್ಟು ಓದಬಾರದು. ಯೂಟ್ಯೂಬ್ ನೋಡಿ ಮಾಡುವುದು ತರಬೇತಿಯಲ್ಲ. ಪಾಲಕರು ಮಾಡುವುದನ್ನು ಯಾರಾದರೂ ನೋಡಿ, ತಿದ್ದಿ, ಮತ್ತೆ ನೋಡಬೇಕು. ಇಡೀ ಹೊರೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸುವುದೂ ನ್ಯಾಯವಲ್ಲ. ನಮ್ಮ ಮನೆಗಳಲ್ಲಿ ಮಗು ಮಾತನಾಡದಿದ್ದರೆ ಮೊದಲ ಆರೋಪ ತಾಯಿಯ ಮೇಲೆಯೇ ಬರುತ್ತದೆ, "ನೀನು ಮಗು ಜೊತೆ ಮಾತೇ ಆಡಲ್ಲ" ಎಂದು. ಆಟಿಸಂ ಆಗಲಿ, ಬೆಳವಣಿಗೆಯ ಭಾಷಾ ತೊಡಕಾಗಲಿ ತಾಯಿಯ ಮೌನದಿಂದ ಬರುವುದಿಲ್ಲ. ಮನೆಯವರನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವುದು ಮಗು ಹೆಚ್ಚು ಹೊತ್ತು ಅವರೊಡನೆ ಇರುತ್ತದೆ ಎಂಬ ಕಾರಣಕ್ಕೆ ಮಾತ್ರ. ಈ ಮಾತನ್ನು ಅತ್ತೆ ಮಾವಂದಿರ ಎದುರಿಗೇ ಸ್ಪಷ್ಟವಾಗಿ ಹೇಳುವ ಚಿಕಿತ್ಸಕರು ಸಿಕ್ಕರೆ ಅವರನ್ನು ಬಿಡಬಾರದು.

ಕನ್ನಡವೋ ಇಂಗ್ಲಿಷೋ

ಈ ವಿಷಯದಲ್ಲಿ ಆಗುತ್ತಿರುವ ಹಾನಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. "ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಿ, ಶಾಲೆ ಇಂಗ್ಲಿಷ್ ಮಾಧ್ಯಮ ತಾನೆ, ಇಂಗ್ಲಿಷ್‌ನಲ್ಲೇ ಮಾತಾಡಿ" ಎಂಬ ಸಲಹೆಯನ್ನು ಶಾಲೆಯವರೂ ನೆಂಟರೂ ಕೆಲವೊಮ್ಮೆ ವೈದ್ಯರೂ ಕೊಡುತ್ತಾರೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಭಾಷಾ ತೊಡಕು ಉಂಟಾಗುವುದಿಲ್ಲ. ಹಾಗೆ ಉಂಟಾಗುವುದಾದರೆ ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ ಕೇಳಿ ಬೆಳೆದ ಮಂಗಳೂರಿನ ಮಕ್ಕಳೂ, ಉರ್ದು ಮತ್ತು ಕನ್ನಡದ ನಡುವೆ ಬೆಳೆದ ಕಲಬುರಗಿಯ ಮಕ್ಕಳೂ ಮಾತೇ ಕಲಿಯುತ್ತಿರಲಿಲ್ಲ. ತೊಡಕಿರುವ ಮಗುವಿಗೆ ಅದು ಒಂದೇ ಭಾಷೆ ಇದ್ದರೂ ಇರುತ್ತದೆ, ಎರಡಿದ್ದರೆ ಎರಡರಲ್ಲೂ ಕಾಣುತ್ತದೆ.

ಕನ್ನಡ ನಿಲ್ಲಿಸಿದ ಮನೆಯಲ್ಲಿ ಏನಾಗುತ್ತದೆ ನೋಡಿ. ತಾಯಿಗೆ ಸರಾಗವಾಗಿ ಬರುವ ಭಾಷೆ ಕನ್ನಡ. ಇಂಗ್ಲಿಷ್‌ನಲ್ಲಿ ಅವರಿಗೆ ಬರುವುದು "ಕಮ್", "ಸಿಟ್", "ನೋ", "ವಾಟ್ ಕಲರ್?" ಎಂಬಷ್ಟು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗ, ಮಳೆ ಬಂದು ಬಟ್ಟೆ ನೆನೆದಾಗ, ನಾಯಿಮರಿ ಮೆಟ್ಟಿಲು ಹತ್ತಲಾರದೆ ಕುಂಯ್‌ಗುಟ್ಟಿದಾಗ ಸಹಜವಾಗಿ ಹೊರಡುತ್ತಿದ್ದ ಮಾತೆಲ್ಲ ನಿಂತುಹೋಗಿ, ಉಳಿಯುವುದು ಆಜ್ಞೆಗಳು ಮತ್ತು ಪ್ರಶ್ನೆಗಳು ಮಾತ್ರ. ಮಗುವಿಗೆ ಬೇಕಾದ ಶ್ರೀಮಂತ ಭಾಷೆ ಮನೆಯಿಂದಲೇ ಹೊರಟುಹೋಗುತ್ತದೆ, ಜೊತೆಗೆ ಅಜ್ಜ ಅಜ್ಜಿಯರೊಂದಿಗಿನ ಮಾತೂ ಕಡಿದುಹೋಗುತ್ತದೆ. ಆದ್ದರಿಂದ ಕೇಂದ್ರವನ್ನು ಆರಿಸುವಾಗ ಮನೆಮಾತಿನಲ್ಲಿ ಮೌಲ್ಯಮಾಪನ ಮಾಡುತ್ತಾರೆಯೇ ಎಂದು ಕೇಳಲೇಬೇಕು. ಕನ್ನಡಕ್ಕೆಂದೇ ರೂಪಿಸಿದ ಪರೀಕ್ಷೆಗಳು 1970ರ ದಶಕದಿಂದಲೂ ಇವೆ. ಇಂಗ್ಲಿಷ್ ಪರೀಕ್ಷೆಯನ್ನು ಬಾಯಿಮಾತಿನಲ್ಲಿ ಕನ್ನಡಕ್ಕೆ ಹೇಳಿ ಅಂಕ ಕೊಡುವುದು ಸರಿಯಾದ ಕ್ರಮವಲ್ಲ, ಏಕೆಂದರೆ ಪ್ರತ್ಯಯ, ಲಿಂಗ, ಕ್ರಿಯಾಪದದ ರೂಪ ಇವುಗಳಲ್ಲಿ ಕನ್ನಡದ ಮಗು ಎಡವುವ ಜಾಗಗಳೇ ಬೇರೆ. ಮನೆಮಾತು ತುಳುವೋ ಕೊಂಕಣಿಯೋ ಲಂಬಾಣಿಯೋ ಆಗಿದ್ದು, ಆ ಭಾಷೆ ಬಲ್ಲ ಚಿಕಿತ್ಸಕರು ಸಿಗದಿದ್ದರೆ, ಚಿಕಿತ್ಸಕರು ಕನ್ನಡದಲ್ಲಿ ವಿಧಾನವನ್ನು ಹೇಳಿಕೊಡಲಿ, ಪಾಲಕರು ಅದನ್ನು ತಮ್ಮ ಭಾಷೆಯಲ್ಲೇ ಮಾಡಲಿ.

ಹೊರದೇಶದ ಕನ್ನಡಿಗರಿಗೂ ಇದೇ ಅನ್ವಯಿಸುತ್ತದೆ. ಅಮೆರಿಕದಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಶೀಘ್ರ ನೆರವಿನ ಸಾರ್ವಜನಿಕ ವ್ಯವಸ್ಥೆ, ಮೂರರ ನಂತರ ಸಾರ್ವಜನಿಕ ಶಾಲೆಯ ಮೂಲಕ ಉಚಿತ ಸೇವೆ ಕಾನೂನಿನ ಪ್ರಕಾರ ಲಭ್ಯ. ಅದನ್ನು ಬಿಡಬಾರದು, ಮನೆಯಲ್ಲಿ ಕನ್ನಡವನ್ನೂ ಬಿಡಬಾರದು.

ಮಾತಿಗಾಗಿ ಕಾಯುವುದೋ, ಚಿತ್ರ ಮತ್ತು ಆ್ಯಪ್ ಕೊಡುವುದೋ

ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡ್, ಸನ್ನೆ, ಅಥವಾ ಮುಟ್ಟಿದರೆ ಮಾತನಾಡುವ ಆ್ಯಪ್ ಕೊಡಿ ಎಂದರೆ ಪಾಲಕರ ಮುಖ ಬಾಡುತ್ತದೆ. "ಹಾಗಾದರೆ ಇವನು ಮಾತಾಡುವುದೇ ಇಲ್ಲವೇ? ಇದು ರೂಢಿಯಾದರೆ ಬಾಯಿ ಬಿಡುವುದೇ ಇಲ್ಲವಲ್ಲ?" ಎಂಬ ಭಯ ಬಹಳ ಆಳವಾದದ್ದು, ಅದನ್ನು ಗೌರವದಿಂದಲೇ ಉತ್ತರಿಸಬೇಕು. ಸಂಶೋಧನೆ ತೋರಿಸಿರುವುದು ಇದಕ್ಕೆ ವಿರುದ್ಧವಾದ ಚಿತ್ರ. 2006ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಮರ್ಶೆಯಲ್ಲಿ, ಗಟ್ಟಿ ಪುರಾವೆಯಿದ್ದ 27 ವ್ಯಕ್ತಿಗಳ ಪೈಕಿ ಶೇ 89ರಷ್ಟು ಮಂದಿಯಲ್ಲಿ ಇಂಥ ಪರ್ಯಾಯ ಸಾಧನ ಬಳಸಿದ ಮೇಲೆ ಮಾತು ಹೆಚ್ಚಿತು, ಉಳಿದವರಲ್ಲಿ ಬದಲಾಗಲಿಲ್ಲ, ಒಬ್ಬರಲ್ಲೂ ಕಡಿಮೆಯಾಗಲಿಲ್ಲ. ಹೆಚ್ಚಳ ಸಾಧಾರಣ ಪ್ರಮಾಣದ್ದು ಎಂಬುದನ್ನೂ ಹೇಳಬೇಕು. ಆದರೆ ಹಾನಿಯಿಲ್ಲ ಎಂಬುದು ಸ್ಪಷ್ಟ. ಮಾತು ಬರುವವರೆಗೆ ತನ್ನ ಹಸಿವು, ನೋವು, ಬೇಡ ಎಂಬುದನ್ನು ಹೇಳಿಕೊಳ್ಳಲು ದಾರಿ ಸಿಕ್ಕ ಮಗುವಿನಲ್ಲಿ ತಲೆ ಚಚ್ಚಿಕೊಳ್ಳುವುದು, ಕಚ್ಚುವುದು ಇಳಿಯುವುದನ್ನು ಅನೇಕ ಮನೆಗಳು ಕಂಡಿವೆ.

ಚಿತ್ರದ ಕಾರ್ಡಿಗೂ ಆ್ಯಪ್‌ಗೂ ಹೋಲಿಸಿದರೆ, ಚಿಕ್ಕ ಮಗುವಿಗೆ ಕಾರ್ಡಿನಿಂದ ಆರಂಭಿಸುವುದು ಸುಲಭ. ಬ್ಯಾಟರಿ ಬೇಡ, ಕಾರ್ಟೂನ್ ನೋಡುವ ಆಸೆಯ ಅಡ್ಡಿಯಿಲ್ಲ, ಮನೆಯ ತಟ್ಟೆ ಲೋಟಗಳ ಫೋಟೊ ತೆಗೆದು ಮನೆಯಲ್ಲೇ ಮಾಡಬಹುದು. ಹೇಳಬೇಕಾದದ್ದು ನೂರಾರು ಆದಾಗ ಕಾರ್ಡಿನ ಕಟ್ಟು ಭಾರವಾಗುತ್ತದೆ, ಆಗ ಆ್ಯಪ್ ಬೇಕಾಗುತ್ತದೆ. ಚೆನ್ನೈಯಲ್ಲಿ ರೂಪುಗೊಂಡ ಆವಾಜ್, ಮುಂಬಯಿ ಐ.ಐ.ಟಿ. ರೂಪಿಸಿದ ಉಚಿತ ಆ್ಯಪ್ ಜೆಲ್ಲೋ ಭಾರತದ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಮಾಡಿದವು. ಯಾವುದನ್ನೇ ಆರಿಸಿದರೂ ಮನೆಯ ದೊಡ್ಡವರೂ ಮಗುವಿನೊಂದಿಗೆ ಅದನ್ನೇ ಮುಟ್ಟಿ ತೋರಿಸುತ್ತ ಮಾತನಾಡಬೇಕು.

ಶಾಲೆಯ ಮಗು: ಟ್ಯೂಷನ್, ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು

ಓದು ಹಿಂದೆ ಬಿದ್ದರೆ ಟ್ಯೂಷನ್ ಹಾಕುವುದು ನಮ್ಮಲ್ಲಿ ಮೊದಲ ಹೆಜ್ಜೆ. ಕಲಿತದ್ದು ಕಡಿಮೆಯಾಗಿದ್ದರೆ ಟ್ಯೂಷನ್ ಉಪಯೋಗಕ್ಕೆ ಬರುತ್ತದೆ. ಕಲಿಯುವ ದಾರಿಯಲ್ಲೇ ತೊಡಕಿದ್ದರೆ ಅದೇ ಪಾಠವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿದರೆ ಫಲವಿಲ್ಲ. ಗುರುತಿಸುವುದು ಹೇಗೆ? ಪಾಠವನ್ನು ನೀವೇ ಓದಿ ಹೇಳಿ. ಕೇಳಿಸಿಕೊಂಡಾಗ ಕಥೆ ಚೆನ್ನಾಗಿ ಅರ್ಥವಾಗಿ, ತಾನಾಗಿ ಓದುವಾಗ ಮಾತ್ರ ಎಡವಿದರೆ, ತೊಡಕು ಅಕ್ಷರ ಮತ್ತು ಧ್ವನಿಯ ಜೋಡಣೆಯಲ್ಲಿರಬಹುದು. ಅದಕ್ಕೆ ವಿಶೇಷ ಶಿಕ್ಷಕರ ನೆರವು ಮುಖ್ಯ. ಕೇಳಿದ ಕಥೆಯೂ ಅರ್ಥವಾಗದಿದ್ದರೆ, "ಆಮೇಲೆ ಏನಾಯಿತು, ಯಾಕಾಯಿತು" ಎಂದರೆ ಮಗು "ಅದು… ಅವನು… ಹೋದ" ಎಂದು ನಿಂತರೆ, ತೊಡಕು ಭಾಷೆಯಲ್ಲಿದೆ, ಅಲ್ಲಿ ವಾಕ್-ಭಾಷಾ ಚಿಕಿತ್ಸಕರು ಬೇಕು. ಎಷ್ಟೋ ಮಕ್ಕಳಿಗೆ ಎರಡೂ ಬೇಕಾಗುತ್ತವೆ. ಬೇರೆ ಯಾವ ಸ್ಪಷ್ಟ ಕಾರಣವೂ ಇಲ್ಲದೆ ಕಾಣಿಸಿಕೊಳ್ಳುವ ಭಾಷಾ ತೊಡಕು ಅಮೆರಿಕ ಮತ್ತು ಇಂಗ್ಲೆಂಡಿನ ದೊಡ್ಡ ಸಮೀಕ್ಷೆಗಳಲ್ಲಿ ಶೇ 7ರ ಆಸುಪಾಸಿನ ಮಕ್ಕಳಲ್ಲಿ ಕಂಡಿದೆ, ಅಂದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು.

ಕನ್ನಡ ಲಿಪಿಯ ಒಂದು ವಿಷಯವನ್ನು ಪಾಲಕರು ತಿಳಿದಿರಬೇಕು. ಇಂಗ್ಲಿಷ್‌ನ 26 ಅಕ್ಷರಗಳಂತೆ ಇದು ಒಂದು ವರ್ಷದಲ್ಲಿ ಮುಗಿಯುವ ಕಲಿಕೆಯಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಮಗು ಕಲಿಯಬೇಕು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಮೇಲೆ ನಡೆಸಿದ ಸಂಶೋಧನೆ, ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿದೆ. ಆದ್ದರಿಂದ ಎರಡನೇ ತರಗತಿಯ ಮಗು "ಸ್ತ್ರ", "ಕ್ಷ್ಮ" ಬಂದಾಗ ನಿಂತರೆ ಅದೊಂದೇ ಕಾರಣಕ್ಕೆ ಗಾಬರಿ ಬೇಡ. ಸರಳ ಗುಣಿತಾಕ್ಷರಗಳಲ್ಲೇ ಗೊಂದಲವಿದ್ದು, ಮಾತಿನಲ್ಲೂ "ಮಳೆ", "ಮಲೆ" ವ್ಯತ್ಯಾಸ ಹಿಡಿಯದಿದ್ದರೆ ಪರೀಕ್ಷೆ ಮಾಡಿಸಿ. ಮನೆಯವರೆಲ್ಲ "ಳ"ಕಾರವನ್ನು "ಲ" ಎಂದೇ ಆಡುವ ಕಡೆ ಇದನ್ನು ದೋಷವೆಂದು ಎಣಿಸಬಾರದು. ಸರ್ಕಾರಿ ಶಾಲೆಯಲ್ಲಿದ್ದರೆ ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿರುವ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ, ಬಿ.ಐ.ಇ.ಆರ್.ಟಿ. (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನು ಮುಖ್ಯೋಪಾಧ್ಯಾಯರ ಮೂಲಕ ಕೇಳಬಹುದು. ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣಕ್ಕೆಂದೇ ಅವರಿರುವುದು.

ಉಗ್ಗಿನ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಎರಡರಿಂದ ಐದು ವರ್ಷದ ನಡುವೆ ಆರಂಭವಾಗುವ ಉಗ್ಗು ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಆರು ತಿಂಗಳು ಮೀರಿದರೆ, ಮನೆತನದಲ್ಲಿ ಉಗ್ಗು ಇದ್ದರೆ, ಅಥವಾ ಮಗು ಮಾತನಾಡಲು ಹಿಂಜರಿಯಲು ಶುರು ಮಾಡಿದರೆ ತೋರಿಸಬೇಕು. "ನಿಧಾನವಾಗಿ ಹೇಳು, ಉಸಿರು ತಗೊ" ಎಂದು ಪದೇ ಪದೇ ತಿದ್ದದೆ, ಮಗು ಹೇಳಿ ಮುಗಿಸುವವರೆಗೆ ಕಾಯುವುದು ಎಲ್ಲರಿಂದಲೂ ಆಗುವ ನೆರವು.

ಯಾರನ್ನು ನಂಬಬೇಕು, ಯಾವುದನ್ನು ಬಿಡಬೇಕು

ಚಿಕಿತ್ಸಕರು ವಾಕ್ ಮತ್ತು ಶ್ರವಣ ವಿಷಯದಲ್ಲಿ ಪದವಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಹೊಂದಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ಒಳ್ಳೆಯ ಚಿಕಿತ್ಸಕರು ಸಂತೋಷದಿಂದ ತೋರಿಸುತ್ತಾರೆ. ಮೊದಲ ಭೇಟಿಯಲ್ಲಿ ಮೂರು ಮಾತು ಕೇಳಿ: ಮುಂದಿನ ಮೂರು ತಿಂಗಳಲ್ಲಿ ಯಾವ ಗುರಿ ಇಟ್ಟುಕೊಂಡಿದ್ದೀರಿ, ನಾನು ಒಳಗೆ ಕೂರಬಹುದೇ, ಮನೆಯಲ್ಲಿ ಏನು ಮಾಡಬೇಕು. "ಆರು ತಿಂಗಳಲ್ಲಿ ಪೂರ್ತಿ ಸರಿ ಮಾಡುತ್ತೇವೆ" ಎಂಬ ಭರವಸೆ, ಇಡೀ ವರ್ಷದ ಹಣವನ್ನು ಮುಂಗಡವಾಗಿ ಕೇಳುವುದು, ಎಲ್ಲ ಮಕ್ಕಳಿಗೂ ಒಂದೇ ವರ್ಕ್‌ಶೀಟ್, ಇವು ಕಂಡರೆ ಬೇರೆ ಕಡೆ ನೋಡಿ.

ಸೀಟಿ ಊದಿಸುವುದು, ಮೇಣದಬತ್ತಿ ಆರಿಸುವುದು, ತುಟಿಗೆ ಜೇನು ಹಚ್ಚಿ ನೆಕ್ಕಿಸುವುದು ಇಂಥ ಬಾಯಿಯ ವ್ಯಾಯಾಮಗಳಿಂದ ಮಾತು ಸ್ಪಷ್ಟವಾಗುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲ. ದಡದ ಮೇಲೆ ಕೈಕಾಲು ಆಡಿಸಿದರೆ ಈಜು ಬಾರದು. ಧ್ವನಿಯನ್ನು ಮಾತಿನೊಳಗೇ ಅಭ್ಯಾಸ ಮಾಡಿಸಬೇಕು. ನಾಲಿಗೆಗೆ ಬಜೆ ತಿಕ್ಕುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದರಿಂದ ಮಾತು ಬರುವುದಿಲ್ಲ, ಅದನ್ನು ನೆಚ್ಚಿ ಪರೀಕ್ಷೆಯನ್ನು ಮುಂದೂಡಬಾರದು. ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸಿದರೆ ಮಾತು ಬರುತ್ತದೆ ಎಂಬ ನಂಬಿಕೆಯೂ ಹಾಗೆಯೇ. ಅದು ಬಿಗಿಯಾಗಿದ್ದರೆ ಕೆಲವು ಧ್ವನಿಗಳಿಗೆ ಅಡ್ಡಿಯಾಗಬಹುದು, ಆದರೆ ಪದಗಳೇ ಇಲ್ಲದ ಮಗುವಿಗೆ ಅದು ಕಾರಣವಲ್ಲ.

ಖರ್ಚಿನ ವಿಷಯ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಅಥವಾ ಬಹುವಿಧ ಅಂಗವೈಕಲ್ಯದ ನಿರ್ಣಯವಾಗಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ ₹1 ಲಕ್ಷದವರೆಗಿನ ಈ ವಿಮೆಯಲ್ಲಿ ಥೆರಪಿಯ ವೆಚ್ಚಕ್ಕೂ ಒಂದು ಮಿತಿಯೊಳಗೆ ಅವಕಾಶವಿದೆ. ಹಣ ಮರುಪಾವತಿಯಾಗಿ ಬರುವುದರಿಂದ ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಬೇಕು, ಪ್ರತಿ ವರ್ಷ ನವೀಕರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ, ಶ್ರವಣ ದೋಷ, ನಿರ್ದಿಷ್ಟ ಕಲಿಕಾ ತೊಡಕು ಸೇರಿವೆ. ಯು.ಡಿ.ಐ.ಡಿ. ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದರೆ ಮುಂದೆ ಪರೀಕ್ಷೆಯ ರಿಯಾಯಿತಿಗಳಿಗೂ ನೆರವಾಗುತ್ತದೆ. ಕಾರ್ಡ್ ಮಾಡಿಸಿದರೆ ಮಗುವಿಗೆ ಕಳಂಕ ಬರುತ್ತದೆಂದು ಹಿಂಜರಿದು, ಎಸ್ಸೆಸ್ಸೆಲ್ಸಿಯ ವರ್ಷದಲ್ಲಿ ಪ್ರಮಾಣಪತ್ರಕ್ಕಾಗಿ ಓಡಾಡುವ ಕುಟುಂಬಗಳಿವೆ. ಎಂಟನೇ ತರಗತಿಗೆ ಮೊದಲೇ ಇದನ್ನು ಮುಗಿಸಿಕೊಂಡರೆ ಒಳ್ಳೆಯದು.

ಒಮ್ಮೆ ಆರಿಸಿದ ಮೇಲೆ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ. ಆರಂಭದ ದಿನ ಮಗುವಿನ ಎರಡು ನಿಮಿಷದ ವಿಡಿಯೊ ತೆಗೆದಿಟ್ಟು, ಮೂರು ತಿಂಗಳ ನಂತರ ಅದೇ ಆಟ, ಅದೇ ಜಾಗದಲ್ಲಿ ಇನ್ನೊಂದು ತೆಗೆದು ಚಿಕಿತ್ಸಕರ ಜೊತೆ ಕೂತು ನೋಡಿ. ಬದಲಾವಣೆ ಕಾಣದಿದ್ದರೆ ಮೊದಲು ಗುರಿ ಬದಲಿಸಲು ಕೇಳಿ, ನಂತರವೂ ಹಾಗೆಯೇ ಇದ್ದರೆ ಕೇಂದ್ರ ಬದಲಿಸಿ. ಬದಲಿಸುವಾಗ ಮೌಲ್ಯಮಾಪನದ ವರದಿ, ಶ್ರವಣ ಪರೀಕ್ಷೆಯ ಪ್ರತಿ, ಈವರೆಗಿನ ಗುರಿಗಳ ಪಟ್ಟಿ ಇವುಗಳನ್ನು ಬರಹದಲ್ಲಿ ಪಡೆದುಕೊಳ್ಳಿ, ಆಗ ಹೊಸ ಕಡೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.